ಹೋಲ್ಟರ್ ಕಟ್ಟುವುದು, ಓದುವುದು: ನನ್ನ ಅನುಭವ

ಹೋಲ್ಟರ್ ಎಂದರೆ ರೋಗಿಯ ಮೈಮೇಲೆಯೇ ಇದ್ದು ಸಾಮಾನ್ಯವಾಗಿ 24 ಗಂಟೆ ಎದೆಬಡಿತದ ಇಸಿಜಿ ದಾಖಲಿಸುವ ರೆಕಾರ್ಡರ್. ಅದನ್ನು ಕಟ್ಟುವಾಗ ನನ್ನ ಹೆಚ್ಚಿನ ಹೊತ್ತು ಹೋಗುವುದು ಚರ್ಮ ತಯಾರು ಮಾಡುವುದಕ್ಕೆ. ರೆಕಾರ್ಡರ್ ಈಗ ಅಂಗೈಯಲ್ಲಿ ಹಿಡಿಸುತ್ತದೆ. ಅಮೆರಿಕದ ಮೊಂಟಾನಾದಲ್ಲಿ ನಾರ್ಮನ್ ಹೋಲ್ಟರ್ ಬೆನ್ನಿಗೆ ಹೊತ್ತು ಪ್ರಯೋಗಿಸಿದ ಯಂತ್ರ ಸುಮಾರು 38 ಕಿಲೋ ಇತ್ತು. ತೂಕವೇನೋ ಇಳಿಯಿತು, ಎದೆಗೆ ಎಲೆಕ್ಟ್ರೋಡ್ (ಬಡಿತದ ಸಂಕೇತ ಹಿಡಿಯುವ ಅಂಟುಬಿಲ್ಲೆ) ಅಂಟಿಸುವ ತಾಪತ್ರಯ ಹಾಗೇ ಇದೆ.

ಅಪಾಯಿಂಟ್‌ಮೆಂಟ್ ಕೊಡುವಾಗಲೇ ಹೇಳಿಬಿಡುತ್ತೇನೆ: ಸ್ನಾನ ಮಾಡಿಕೊಂಡೇ ಬನ್ನಿ, ಮೈಗೆ ಕೊಬ್ಬರಿ ಎಣ್ಣೆ, ಪೌಡರ್ ಹಚ್ಚಬೇಡಿ, ಮುಂದೆ ಗುಂಡಿ ಇರುವ ಸಡಿಲ ಬಟ್ಟೆ ಹಾಕಿ. ಯಂತ್ರ ಬಿಚ್ಚುವವರೆಗೆ ಸ್ನಾನ ಇಲ್ಲ. ಎದೆಯ ಕೂದಲನ್ನು ಎಲೆಕ್ಟ್ರೋಡ್ ಕೂರುವ ಜಾಗದಲ್ಲಿ ಮಾತ್ರ ಬೋಳಿಸಿ, ಸ್ಪಿರಿಟ್ ಹತ್ತಿಯಿಂದ ಒರೆಸಿ, ಪೂರ್ತಿ ಆರಲು ಬಿಡಬೇಕು. ಆಮೇಲೆ ಉಜ್ಜುವ ಜೆಲ್ ಅಥವಾ ಒರಟು ಗಾಜ್‌ನಿಂದ ನಾಲ್ಕೈದು ಸಲ ಹಗುರವಾಗಿ ಉಜ್ಜಿ, ಉಳಿದ ಜೆಲ್ ಒರೆಸಿ ತೆಗೆಯಬೇಕು. ಚರ್ಮ ತುಸು ಕೆಂಪಾದರೆ ಸಾಕು. ವಯಸ್ಸಾದವರದು, ಸ್ಟೀರಾಯ್ಡ್ ತೆಗೆದುಕೊಳ್ಳುವವರದು ತೆಳು ಚರ್ಮ. ಅವರಿಗೆ ಉಜ್ಜುವುದು ಬೇಡ.

ಎಲೆಕ್ಟ್ರೋಡ್ ಪೊಟ್ಟಣ ಒಡೆದಿಟ್ಟರೆ ಜೆಲ್ ಒಣಗುತ್ತದೆ, ಹಾಗಾಗಿ ಬೇಕಾದಾಗಷ್ಟೇ ಒಡೆಯುತ್ತೇನೆ. ವೈರನ್ನು ಎಲೆಕ್ಟ್ರೋಡ್ ಗುಂಡಿಗೆ ಮೊದಲು ಸಿಕ್ಕಿಸಿ, ಆಮೇಲೆ ಮೈಗೆ ಅಂಟಿಸುವುದು ಸರಿ. ಅಂಟಿಸಿದ ಮೇಲೆ ಗುಂಡಿ ಒತ್ತಿದರೆ ಜೆಲ್ ಹಿಂಡಿಕೊಂಡು ಅಂಟಿನೊಳಗೆ ಹೋಗುತ್ತದೆ, ಪಕ್ಕೆಲುಬಿನ ಮೇಲೆ ನೋವೂ ಆಗುತ್ತದೆ. ಅಂಚನ್ನು ಬೆರಳಿಂದ ಸುತ್ತ ಒತ್ತಬೇಕು, ನಡುವೆ ಅಲ್ಲ. ಜಾಗ ಆದಷ್ಟೂ ಮೂಳೆಯ ಮೇಲಿರಲಿ: ಎದೆಮೂಳೆ, ಪಕ್ಕೆಲುಬು. ಸ್ನಾಯುವಿನ ಮೇಲೆ ಹಾಕಿದರೆ ತೋಳು ಆಡಿಸಿದಾಗಲೆಲ್ಲ ಇಸಿಜಿ ಗೆರೆ ಕೆದರುತ್ತದೆ. ವೈರಿನ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ. ಆ ಯಂತ್ರದ ಚಿತ್ರ ನೋಡಿಯೇ ಹಾಕಬೇಕು. ಪ್ರತಿ ವೈರನ್ನೂ ಒಂದು ಸುತ್ತು ಮಡಚಿ ಟೇಪ್ ಹಾಕಿದರೆ ಎಳೆತ ಟೇಪಿಗೆ ಬೀಳುತ್ತದೆ, ಎಲೆಕ್ಟ್ರೋಡಿಗಲ್ಲ. ಕರಿಮಣಿ ಸರ ಎದೆಮೂಳೆಯ ಎಲೆಕ್ಟ್ರೋಡಿಗೆ ತಾಗುತ್ತಲೇ ಇರುತ್ತದೆ. ತೆಗೆಯಿರಿ ಎಂದರೆ ಬಹಳ ಜನ ಒಪ್ಪುವುದಿಲ್ಲ. ಬೆನ್ನ ಕಡೆ ಹಾಕಿಕೊಳ್ಳಿ ಅಮ್ಮಾ ಎಂದರೆ ಒಪ್ಪುತ್ತಾರೆ.

ಬ್ಯಾಟರಿ ಪ್ರತಿ ರೋಗಿಗೂ ಹೊಸದು. ಹಿಂದಿನವರ ದಾಖಲೆ ಅಳಿಸಿ, ಹೆಸರು, ಗಡಿಯಾರ ಎರಡನ್ನೂ ನೋಡಿಕೊಳ್ಳುತ್ತೇನೆ. ಬೆಳಗ್ಗೆ, ಸಂಜೆ ಅದಲುಬದಲಾದರೆ ನಿದ್ದೆಯ ನಿಧಾನ ಬಡಿತವೆಲ್ಲ ಹಗಲಿನದಾಗಿ ಕಾಣುತ್ತದೆ. ಪೇಸ್‌ಮೇಕರ್ ಇದ್ದರೆ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಲೇಬೇಕು. ಕಳಿಸುವ ಮುಂಚೆ ಮಲಗಿಸಿ, ಕೂರಿಸಿ, ನಿಲ್ಲಿಸಿ, ಕೆಮ್ಮಿಸಿ ಪರದೆಯಲ್ಲಿ ಗೆರೆ ನೋಡುತ್ತೇನೆ. ಪ್ರತಿ ಬಡಿತದ ಚೂಪು ಮೊನೆಯಾದ ಆರ್ ಅಲೆಗಿಂತ ಅದರ ನಂತರ ಬರುವ ಟಿ ಅಲೆ ಎತ್ತರವಿದ್ದರೆ ಸಾಫ್ಟ್‌ವೇರ್ ಒಂದು ಬಡಿತವನ್ನು ಎರಡೆಂದು ಎಣಿಸುವ ಅಪಾಯವಿದೆ. ಎಲೆಕ್ಟ್ರೋಡ್ ಒಂದೆರಡು ಬೆರಳು ಸರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಡೈರಿ ಇಲ್ಲದ ಹೋಲ್ಟರ್ ಅರ್ಧ ಹೋಲ್ಟರ್. ಎದೆ ಢವಢವ, ಕಣ್ಣು ಕತ್ತಲೆ, ಮೆಟ್ಟಿಲು ಹತ್ತಿದ್ದು, ಮಾತ್ರೆ ನುಂಗಿದ್ದು, ಮಲಗಿದ್ದು, ಎಲ್ಲಕ್ಕೂ ಸಮಯ ಬರೆಯಬೇಕು. ಸಮಯ ನೋಡಬೇಕಾದದ್ದು ರೆಕಾರ್ಡರ್‌ನ ಗಡಿಯಾರದಲ್ಲಿ. ಓದು ಬರಹ ಬಾರದವರಿದ್ದರೆ ಮನೆಯ ಯಾರನ್ನಾದರೂ ಕೂರಿಸಿಕೊಂಡು ಹೇಳಿಕೊಡುತ್ತೇನೆ. ಇನ್ನೊಂದು ಮಾತು: ಯಂತ್ರ ಕಟ್ಟಿದ್ದಾರೆಂದು ಮನೆಯಲ್ಲಿ ಮಲಗಿಬಿಡಬೇಡಿ. ಹಾಲು ಕರೆಯುವಾಗ ಸುಸ್ತಾಗುತ್ತದೆಂದು ಬಂದವರು ಅವತ್ತೂ ಹಾಲು ಕರೆಯಬೇಕು.

24 ಗಂಟೆಯಲ್ಲಿ ಸುಮಾರು ಒಂದು ಲಕ್ಷ ಬಡಿತ. ಸಾಫ್ಟ್‌ವೇರ್ ವಿಂಗಡಿಸಿ ಕೊಡುತ್ತದೆ, ಆದರೆ ಅದು ಹಚ್ಚಿದ ಹೆಸರನ್ನು ಹಾಗೇ ರಿಪೋರ್ಟಿಗೆ ಇಳಿಸುವುದು ಸೋಮಾರಿತನ. ಹಲ್ಲುಜ್ಜುವ ಹೊತ್ತಿನ ಅಲುಗಾಟ ಥೇಟ್ ವಿಟಿ (ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ, ಹೃದಯದ ಕೆಳಗಿನ ಕೋಣೆಗಳಿಂದ ಏಳುವ ಅಪಾಯಕಾರಿ ವೇಗದ ಬಡಿತ) ಹಾಗೇ ಕಾಣುತ್ತದೆ. ಎಲ್ಲ ಚಾನೆಲ್‌ಗಳನ್ನೂ (ಬೇರೆ ಬೇರೆ ಎಲೆಕ್ಟ್ರೋಡ್‌ಗಳಿಂದ ಬರುವ ಗೆರೆಗಳು) ತೆರೆದು, ಹಿಂದಿನ ಆರ್-ಆರ್ ಅಂತರವನ್ನು, ಅಂದರೆ ಎರಡು ಬಡಿತಗಳ ನಡುವಿನ ಅಂತರವನ್ನು, ಕ್ಯಾಲಿಪರ್‌ನಿಂದ ಅಳೆದು ಮುಂದಕ್ಕೆ ಸಾಗಿಸಿದರೆ, ಆ ಗದ್ದಲದೊಳಗೇ ಮಾಮೂಲಿ ಕ್ಯೂಆರ್‌ಎಸ್ (ಕೆಳಗಿನ ಕೋಣೆಗಳ ಬಡಿತದ ಗುರುತು) ತನ್ನ ಜಾಗದಲ್ಲಿ ಇಣುಕುತ್ತಿರುತ್ತದೆ. ಹಾಗಿದ್ದರೆ ಅದು ವಿಟಿ ಅಲ್ಲ. 3 ಸೆಕೆಂಡಿಗಿಂತ ಉದ್ದದ ವಿರಾಮ ಕಂಡಾಗಲೂ ಅಷ್ಟೇ: ಒಂದೇ ಚಾನೆಲ್ ಚಪ್ಪಟೆಯಾಗಿ, ಉಳಿದವುಗಳಲ್ಲಿ ಬಡಿತ ಇದ್ದರೆ ವೈರ್ ಸಡಿಲವಾಗಿದೆ. ಎಲ್ಲ ಚಾನೆಲ್‌ನಲ್ಲೂ ಕ್ಯೂಆರ್‌ಎಸ್ ನಿಂತು ಪಿ ಅಲೆ (ಮೇಲಿನ ಕೋಣೆಗಳ ಗುರುತು) ಮಾತ್ರ ಓಡುತ್ತಿದ್ದರೆ ಅದು ಬ್ಲಾಕ್, ಅಂದರೆ ಮೇಲಿನ ಸಂಕೇತ ಕೆಳಗಿನ ಕೋಣೆಗೆ ತಲುಪುತ್ತಿಲ್ಲ. ಏಟ್ರಿಯಲ್ ಫಿಬ್ರಿಲೇಷನ್ (ಎಎಫ್, ಮೇಲಿನ ಕೋಣೆಗಳ ಲಯವಿಲ್ಲದ ಕಂಪನ) ಎನ್ನಲು ಕನಿಷ್ಠ 30 ಸೆಕೆಂಡು ಪಿ ಅಲೆಯಿಲ್ಲದ ಅಡ್ಡಾದಿಡ್ಡಿ ಲಯ ಬೇಕು. ಮಧ್ಯೆ ಮಧ್ಯೆ ಬರುವ ಏಟ್ರಿಯಲ್ ಎಕ್ಟೋಪಿಕ್‌ಗಳನ್ನೂ (ಮೇಲಿನ ಕೋಣೆಯಿಂದ ಹೊತ್ತಿಗೆ ಮುಂಚೆ ಬರುವ ಬಡಿತ) ಸಾಫ್ಟ್‌ವೇರ್ ಎಷ್ಟೋ ಸಲ ಎಎಫ್ ಪಟ್ಟಿಗೆ ಸೇರಿಸಿಬಿಡುತ್ತದೆ.

ಹಾಗೆಯೇ ಕಂಡದ್ದೆಲ್ಲ ರೋಗವಲ್ಲ. ಆರೋಗ್ಯವಂತ ಯುವಕರಿಗೆ ನಿದ್ದೆಯಲ್ಲಿ ಬಡಿತ 40ರ ಆಸುಪಾಸಿಗೆ ಇಳಿಯಬಹುದು, ವೆಂಕೆಬಾಕ್ (ಸಂಕೇತ ತಡವಾಗುತ್ತಾ ಹೋಗಿ ಒಂದು ಬಡಿತ ತಪ್ಪುವ ಹಗುರ ಬ್ಲಾಕ್) ಕೂಡ ಕಾಣಬಹುದು. ವೆಂಟ್ರಿಕ್ಯುಲರ್ ಎಕ್ಟೋಪಿಕ್ (ಕೆಳಗಿನ ಕೋಣೆಯ ಅಂಥದೇ ಬಡಿತ) ಒಟ್ಟು ಬಡಿತದ ಶೇ. 10 ದಾಟಿದರೆ ಎಕೋ (ಹೃದಯದ ಅಲ್ಟ್ರಾಸೌಂಡ್) ನೋಡಬೇಕೆಂದು ಸೂಚಿಸುತ್ತೇನೆ. ಡೈರಿಯಲ್ಲಿ ಢವಢವ ಎಂದು ಬರೆದ ನಿಮಿಷದಲ್ಲೇ ಸೈನಸ್ ಲಯ (ಹೃದಯದ ಮಾಮೂಲಿ ಲಯ) ಇದ್ದರೆ ಅದನ್ನೂ ಸಮಯ ಸಮೇತ ಬರೆಯಬೇಕು. ವೈದ್ಯರಿಗೆ ಅದೂ ಉತ್ತರವೇ. ರೋಗಿಗೆ ಆ ದಿನ ಏನೂ ಆಗದೆ ಇದ್ದರೆ ಮಾತ್ರ ನಾರ್ಮಲ್ ರಿಪೋರ್ಟ್‌ನಿಂದ ಏನೂ ಹೇಳಲಾಗದು. ವಾರಕ್ಕೊಮ್ಮೆ ಬರುವ ತೊಂದರೆಗೆ 7ರಿಂದ 14 ದಿನದ ಪ್ಯಾಚ್ (ಎದೆಗೆ ಅಂಟಿಸುವ ವೈರಿಲ್ಲದ ರೆಕಾರ್ಡರ್) ಒಳ್ಳೆಯದು, ತಿಂಗಳಿಗೊಮ್ಮೆ ಬರುವುದಕ್ಕೆ ಲೂಪ್ ರೆಕಾರ್ಡರ್ (ಹಳೆಯದನ್ನು ಅಳಿಸುತ್ತಾ, ತೊಂದರೆಯ ಹೊತ್ತಿನದನ್ನು ಉಳಿಸಿಕೊಳ್ಳುವ ಯಂತ್ರ). ಕಾರಣ ತಿಳಿಯದೆ ವರ್ಷಕ್ಕೊಂದೆರಡು ಸಲ ಬವಳಿ ಬಿದ್ದು ಪ್ರಜ್ಞೆ ತಪ್ಪುವವರಿಗೆ ಚರ್ಮದಡಿ ಇಡುವ ಲೂಪ್ ರೆಕಾರ್ಡರ್ ಬೇಕಾಗಬಹುದು.

ವಿಟಿ, ಪೂರ್ಣ ಹಾರ್ಟ್ ಬ್ಲಾಕ್ ಅಥವಾ ಎಚ್ಚರವಿದ್ದಾಗಿನ ಉದ್ದ ವಿರಾಮ ಕಂಡರೆ ರಿಪೋರ್ಟ್ ಟೈಪ್ ಆಗುವವರೆಗೆ ಕಾಯುವುದಿಲ್ಲ. ಆ ಭಾಗದ ಇಸಿಜಿ ಸ್ಟ್ರಿಪ್ ಪ್ರಿಂಟ್ ತೆಗೆದು ವೈದ್ಯರ ಕೈಗೆ ಕೊಟ್ಟು, ರೋಗಿಯ ಮನೆಯವರಿಗೆ ಫೋನ್ ಮಾಡಿದ ಮೇಲೆಯೇ ಉಳಿದ ಗಂಟೆಗಳನ್ನು ನೋಡುವುದು.