ಹಗ್ಗ ಇದ್ದಷ್ಟೇ ಬಟ್ಟೆ ನೆನೆಹಾಕಿ

ಮೃಗಶಿರ ಮಳೆ ಶುರುವಾಗುವುದು ಜೂನ್ 7-8ರ ಹೊತ್ತಿಗೆ. ಶಾಲೆ ಬಾಗಿಲು ತೆಗೆಯುವುದೂ ಹೆಚ್ಚುಕಮ್ಮಿ ಆಗಲೇ. ಎರಡೂ ಒಟ್ಟಿಗೆ ಬಂದು ನಮ್ಮ ಬಚ್ಚಲ ಮೂಲೆಯಲ್ಲಿ ರಾಶಿ ಬೀಳುತ್ತವೆ. ದಿನಾ ಒದ್ದೆಯಾಗಿ ಬರುವ ಸಮವಸ್ತ್ರ, ತೋಟಕ್ಕೆ ಹೋಗಿ ಬಂದವರ ಕೆಸರು ಪ್ಯಾಂಟು, ಆಫೀಸಿಗೆ ಹೋಗುವವರ ಅಂಗಿ, ಮನೆಮಂದಿಯ ಟವೆಲು. ಬಟ್ಟೆ ಒಗೆದು ಸಾಕಾಯ್ತು ಅಂತ ಎಲ್ಲರೂ ಗೊಣಗುತ್ತಾರೆ. ಈಗ ಮಷಿನ್ ಬಂದ ಮೇಲೆ ಒಗೆಯುವುದರಲ್ಲಿ ಏನಿದೆ? ನಮ್ಮನ್ನು ಗೋಳು ಹೊಯ್ದುಕೊಳ್ಳುವುದು ಒಣಗಿಸುವ ಕೆಲಸ.

ತೀರ್ಥಹಳ್ಳಿ, ಹೊಸನಗರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಗಾಳಿಯೇ ನೀರು ಕುಡಿದು ಕೂತಿರುವಾಗ ಬಟ್ಟೆಯಲ್ಲಿರುವ ನೀರು ಎಲ್ಲಿಗೆ ಹೋಗಬೇಕು? ಶಿವಮೊಗ್ಗ ಪೇಟೆಯಲ್ಲಿರುವ ನನ್ನ ಮಗಳಿಗೆ ಮಳೆ ನಮ್ಮಷ್ಟಿಲ್ಲ. ಆದರೆ ಅವಳಿಗೆ ಅಂಗಳವೂ ಇಲ್ಲ, ಜಗಲಿಯೂ ಇಲ್ಲ. ಇರುವುದು ಒಂದು ಬಾಲ್ಕನಿ. ಅಂತೂ ಇಬ್ಬರ ಪಾಡೂ ಒಂದೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಮಳೆಗಾಲದಲ್ಲಿ ಹಗ್ಗ ಇದ್ದಷ್ಟೇ ಬಟ್ಟೆ ನೆನೆಹಾಕಬೇಕು. ಜಗಲಿಯಲ್ಲಿ, ಸೂರಿನ ಕೆಳಗೆ, ಒಳಗಿನ ಕೋಣೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಎಷ್ಟು ಬಟ್ಟೆ ಹರವಬಹುದು ಅಂತ ಮೊದಲು ನೋಡಿಕೊಳ್ಳಿ. ಒಂದು ದಿನಕ್ಕೆ ಒಗೆಯಬೇಕಾದ್ದು ಅಷ್ಟೇ. ಭಾನುವಾರ ಎಲ್ಲ ಒಟ್ಟಿಗೆ ಒಗೆದರಾಯ್ತು ಅಂತ ವಾರವಿಡೀ ಗುಡ್ಡೆ ಹಾಕಿದಿರೋ, ಅಷ್ಟನ್ನೂ ಹರವಲು ಜಾಗ ಇರುವುದಿಲ್ಲ. ಒಂದರ ಮೇಲೊಂದು ಹಾಕುತ್ತೀರಿ. ಬುಧವಾರವಾದರೂ ಒಣಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ, ಅದನ್ನೇ ಮತ್ತೆ ಒಗೆಯಬೇಕು. ಬೇಸಿಗೆಯಲ್ಲಾದರೆ ವಾರದ ಬಟ್ಟೆ ಒಂದೇ ದಿನ ಒಗೆದರೂ ನಡೆಯುತ್ತದೆ, ಅದು ಬೇರೆ ಮಾತು.

ನನ್ನ ಸೊಸೆ ಕೆಲಸಕ್ಕೆ ಹೋಗುವವಳು. ಬೆಳಿಗ್ಗೆ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಅವಳೊಬ್ಬಳೇ ಇದನ್ನೆಲ್ಲ ಮಾಡಬೇಕು ಅಂದರೆ ಹೇಗೆ? ನಮ್ಮಲ್ಲಿ ಮೊದಲು ಎದ್ದವರು ಮಷಿನ್‌ಗೆ ಹಾಕುತ್ತಾರೆ. ತಿಂಡಿ ಆಗುವಷ್ಟರಲ್ಲಿ ಅದು ಮುಗಿದಿರುತ್ತದೆ. ಮಗ ಹರವಿ ಹೋಗುತ್ತಾನೆ. ಸಂಜೆ ಮೊಮ್ಮಕ್ಕಳು ಒಣಗಿದ್ದನ್ನು ತೆಗೆದು ಅವರವರ ಬಟ್ಟೆ ಅವರವರೇ ಮಡಚಿಡಬೇಕು. ಚಿಕ್ಕವನು ಮಡಚಿದ್ದು ನೋಡಿದರೆ ನಗು ಬರುತ್ತದೆ, ಆದರೂ ನಾನು ಮತ್ತೆ ಮಡಚಲು ಹೋಗುವುದಿಲ್ಲ. ಹೋದರೆ ನಾಳೆಯಿಂದ ಆ ಕೆಲಸ ನನ್ನದೇ ಆಗುತ್ತದೆ, ಅಲ್ವಾ? ಇನ್ನೊಂದು ಮಾತು. ಜೇಬು ನೋಡಿ ಬುಟ್ಟಿಗೆ ಹಾಕುವ ಜವಾಬ್ದಾರಿ ಬಟ್ಟೆ ಹಾಕಿಕೊಂಡವರದ್ದು. ಜೇಬಿನಲ್ಲಿ ಬಸ್ ಟಿಕೆಟ್ಟು ಉಳಿದರೆ ಅದರ ಚೂರು ಮನೆಮಂದಿಯ ಬಟ್ಟೆಗೆಲ್ಲ ಮೆತ್ತಿಕೊಳ್ಳುತ್ತದೆ. ರಾತ್ರಿ ಮಷಿನ್ ಹಾಕಿ ಮಲಗಿಬಿಡುವ ಅಭ್ಯಾಸ ಮಾತ್ರ ಬೇಡ. ಹಿಂಡಿದ ಬಟ್ಟೆ ಡಬ್ಬದೊಳಗೆ ಬೆಳಗಿನವರೆಗೆ ಮುದ್ದೆಯಾಗಿ ಕೂತರೆ ವಾಸನೆ ಅಲ್ಲಿಂದಲೇ ಶುರು.

ಒದ್ದೆ ಬಟ್ಟೆಯನ್ನು ಬುಟ್ಟಿಗೆ ಹಾಕುವುದೂ ಬೇಡ. ಶಾಲೆಯಿಂದ ಬಂದ ಸಮವಸ್ತ್ರ, ಮೈ ಒರೆಸಿದ ಟವೆಲು ಮೊದಲು ಒಂದು ಗಳದ ಮೇಲೆ ನೀರು ಬಸಿಯಲಿ. ಆಮೇಲೆ ಬುಟ್ಟಿಗೆ. ಬುಟ್ಟಿಯೂ ಗಾಳಿಯಾಡುವಂಥದ್ದೇ ಇರಲಿ, ಮುಚ್ಚಳದ ಡಬ್ಬ ಬೇಡ.

ಮಳೆಗಾಲದಲ್ಲಿ ಏನು ಉಡುತ್ತೇವೆ ಅನ್ನುವುದರ ಮೇಲೂ ಅರ್ಧ ಕೆಲಸ ನಿಂತಿದೆ. ದಪ್ಪ ಟರ್ಕಿ ಟವೆಲು ಅಟ್ಟಕ್ಕೆ ಹಾಕಿ. ತೆಳು ಹತ್ತಿ ಟವೆಲು ಒಂದು ದಿನದಲ್ಲಿ ಒಣಗುತ್ತದೆ. ಆರಿದ್ರ ಮಳೆಯಲ್ಲಿ ಜೀನ್ಸ್ ಪ್ಯಾಂಟು ಒಗೆಯುವವರಿಗೆ ನಾನು ಏನೂ ಹೇಳುವುದಿಲ್ಲ. ಪುನರ್ವಸು ಹೊತ್ತಿಗೆ ಒಣಗೀತು! ಮಕ್ಕಳ ಸಮವಸ್ತ್ರ ಮಾತ್ರ ಎರಡು ಜೊತೆ ಸಾಲದು, ಮೂರು ಬೇಕು. ದುಡ್ಡು ಜಾಸ್ತಿ ಅನ್ನಿಸಿದರೆ ದೊಡ್ಡವರಿಗೆ ಗಿಡ್ಡವಾದದ್ದನ್ನು ಚಿಕ್ಕವರಿಗೆ ಎತ್ತಿಡಿ. ಕಾಲುಚೀಲ ಎಷ್ಟಿದ್ದರೂ ಕಡಿಮೆಯೇ. ಎಲ್ಲ ಒಂದೇ ಬಣ್ಣದ್ದು ತಂದರೆ ಜೊತೆ ಹುಡುಕುವ ತಾಪತ್ರಯ ಇಲ್ಲ.

ಮಷಿನ್ ವಿಷಯದಲ್ಲಿ ಜನ ಮಾಡುವ ಎಡವಟ್ಟು ಎರಡು. ಡ್ರಮ್ಮಿಗೆ ತುರುಕುವುದು ಒಂದು, ಪುಡಿ ಸುರಿಯುವುದು ಇನ್ನೊಂದು. ಡ್ರಮ್ಮಿನಲ್ಲಿ ಬಟ್ಟೆ ಹೊರಳಾಡಲು ಜಾಗ ಬೇಕು, ಮೇಲೆ ಒಂದು ಗೇಣು ಖಾಲಿ ಇರಲಿ. ಪುಡಿಯಂತೂ ನಮ್ಮ ಕಡೆ ಪೊಟ್ಟಣದ ಮೇಲೆ ಹೇಳಿದ್ದಕ್ಕಿಂತ ಕಡಿಮೆ ಸಾಕು. ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರು ಮೆದು ನೀರು, ಸ್ವಲ್ಪ ಸೋಪಿಗೇ ಬುರುಬುರು ನೊರೆ ಬರುತ್ತದೆ. ಜಾಸ್ತಿ ಹಾಕಿದರೆ ನೊರೆ ಪೂರ್ತಿ ಹೋಗುವುದಿಲ್ಲ. ಎಳೆಯೊಳಗೆ ಉಳಿದ ಸೋಪಿಗೆ ಕೊಳೆ ಹಿಡಿಯುತ್ತದೆ, ತೇವವೂ ಹಿಡಿಯುತ್ತದೆ. ಮುಂದೆ ಬಾಗಿಲಿರುವ ಮಷಿನ್ ಆದರೆ ಬಾಗಿಲ ಸುತ್ತ ಇರುವ ರಬ್ಬರಿನ ಮಡಿಕೆಯನ್ನು ಬೆರಳಿನಿಂದ ಬಿಡಿಸಿ ನೋಡಿ. ಕಪ್ಪಗೆ ಲೋಳೆ ಕಂಡರೆ ನಿಮ್ಮ ಬಟ್ಟೆಯ ವಾಸನೆ ಎಲ್ಲಿಂದ ಅಂತ ಗೊತ್ತಾಗುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಒಣ ಬಟ್ಟೆಯಿಂದ ಒರೆಸಿ, ಬಾಗಿಲು ತೆರೆದೇ ಇಡಿ. ಮೊದಲ ಮಳೆಗೆ ನಲ್ಲಿಯಲ್ಲಿ ಕೆಂಪು ನೀರು ಬರುತ್ತದಲ್ಲ, ಆ ದಿನ ಬಿಳಿ ಬಟ್ಟೆ ಮುಟ್ಟಬೇಡಿ.

ಇನ್ನು ನೀರು ತೆಗೆಯುವುದು. ಒಣಗುವ ಕೆಲಸದಲ್ಲಿ ಮುಕ್ಕಾಲು ಪಾಲು ಇಲ್ಲೇ ಆಗಬೇಕು. ಮಷಿನ್‌ನಲ್ಲಿ ಹಿಂಡಿದ ಮೇಲೆ ಬರೀ ಹಿಂಡುವ ಸುತ್ತು ಇನ್ನೊಂದು ಸಲ ಕೊಡಿ. ಕರೆಂಟು ಹೋಗಿದ್ದರೆ, ನಮ್ಮಲ್ಲಿ ಅದು ಹೋಗಿಯೇ ಇರುತ್ತದೆ, ಹೀಗೆ ಮಾಡಿ. ಒಣಗಿದ ಟವೆಲನ್ನು ನೆಲದ ಮೇಲೆ ಹಾಸಿ. ಅದರ ಮೇಲೆ ಕೈಯಲ್ಲಿ ಹಿಂಡಿದ ಅಂಗಿಯನ್ನು ಸುಕ್ಕಿಲ್ಲದಂತೆ ಹರಡಿ. ಎರಡನ್ನೂ ಸೇರಿಸಿ ಚಾಪೆ ಸುತ್ತುವಂತೆ ಬಿಗಿಯಾಗಿ ಸುತ್ತಿ, ಮೇಲೆ ಮೊಣಕಾಲೂರಿ ಈ ತುದಿಯಿಂದ ಆ ತುದಿವರೆಗೆ ಒತ್ತಿ. ಬಿಚ್ಚಿದಾಗ ಟವೆಲು ಒದ್ದೆ, ಅಂಗಿ ಅರ್ಧ ಒಣಗಿರುತ್ತದೆ. ನಾಳೆ ಬೆಳಿಗ್ಗೆಗೆ ಬೇಕೇ ಬೇಕಾದ ಸಮವಸ್ತ್ರಕ್ಕೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಗೊತ್ತಿಲ್ಲ.

ಹರವುವಾಗ ಎರಡು ಬಟ್ಟೆ ನಡುವೆ ಒಂದು ಗೇಣು ಬಿಡಿ. ಪ್ಯಾಂಟನ್ನು ಒಳಮೈ ಹೊರಗೆ ಮಾಡಿ, ಜೇಬು ಹೊರಗೆಳೆದು, ಸೊಂಟದ ಬಾಯಿ ಅಗಲವಾಗಿ ತೆರೆದಿರುವಂತೆ ಕ್ಲಿಪ್ಪು ಹಾಕಿ. ಗಾಳಿ ಒಳಗೆ ಹೋಗಿ ಬರಬೇಕು. ಅಂಗಿಗೆ ಹ್ಯಾಂಗರ್ ಹಾಕಿ ತೂಗುಬಿಟ್ಟರೆ ಹಗ್ಗದ ಮೇಲೆ ಒಂದು ಅಂಗಿಯ ಜಾಗದಲ್ಲಿ ಮೂರು ಹಿಡಿಯುತ್ತವೆ. ಬಾಲ್ಕನಿ ಮನೆಯವರಿಗೆ ಇದು ದೊಡ್ಡ ಅನುಕೂಲ. ಕಬ್ಬಿಣದ ತಂತಿ ಬೇಡ, ತುಕ್ಕಿನ ಗೆರೆ ಬೀಳುತ್ತದೆ. ಒಳಗೆ ಒಣಹಾಕಿದ ಕೋಣೆಯಲ್ಲಿ ಫ್ಯಾನು ತಿರುಗಲಿ, ಎದುರುಬದುರಿನ ಕಿಟಕಿ ಒಂದು ಚೂರು ತೆರೆದಿರಲಿ. ಮುಚ್ಚಿದ ಕೋಣೆಯಲ್ಲಿ ಸುಮ್ನೆ ಫ್ಯಾನು ಹಾಕಿದರೆ ಅದೇ ತೇವದ ಗಾಳಿ ಸುತ್ತುತ್ತಿರುತ್ತದೆ. ತೋಟದ ಮನೆಯವರಲ್ಲಿ ಅಡಿಕೆ ಒಣಗಿಸಲು ಬೆಳಕು ಬೀಳುವ ಶೀಟಿನ ಚಪ್ಪರ ಹಾಕಿಸಿದವರಿದ್ದಾರೆ. ಮಳೆಗಾಲದಲ್ಲಿ ಅಡಿಕೆ ಇರುವುದಿಲ್ಲ, ಚಪ್ಪರ ಖಾಲಿ ಬಿದ್ದಿರುತ್ತದೆ. ಅಲ್ಲಿ ಎರಡು ಸಾಲು ಹಗ್ಗ ಕಟ್ಟಿದರೆ ಮೋಡದ ದಿನವೂ ಬಟ್ಟೆ ಗರಿಗರಿಯಾಗುತ್ತದೆ.

ಬಚ್ಚಲ ಒಲೆಯ ಕಾವು ಇದೆಯಲ್ಲ, ಅದಕ್ಕೆ ನಾನು ಇವತ್ತಿಗೂ ಋಣಿ. ಅಡಿಕೆ ಹಾಳೆ, ಸಿಪ್ಪೆ ಹಾಕಿ ಹಂಡೆ ಕಾಯಿಸುವ ಮನೆಗಳಲ್ಲಿ ಒಲೆಯ ಹಿಂದಿನ ಗೋಡೆ ರಾತ್ರಿಯಿಡೀ ಬೆಚ್ಚಗಿರುತ್ತದೆ. ಬೆಂಕಿ ಆರಿಸಿ ಕೆಂಡ ಬೂದಿ ಮುಚ್ಚಿದ ಮೇಲೆ ಅಲ್ಲಿ ಗಳ ಕಟ್ಟಿ ಹರವಿ. ಉರಿ ಇರುವಾಗ ಹರವಿದರೆ ಹೊಗೆ ವಾಸನೆ ಹೊತ್ತುಕೊಂಡೇ ಮಕ್ಕಳು ಶಾಲೆಗೆ ಹೋಗಬೇಕು. ಬಾಣಂತಿ ಮನೆಯಲ್ಲಿ ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಕೂಸಿನ ಬಟ್ಟೆ ಒಣಗಿಸುವುದು ಹಳೇ ಪದ್ಧತಿ. ಮಾಡುವುದಾದರೆ ಪಕ್ಕದಲ್ಲೇ ಒಬ್ಬರು ಕೂತಿರಿ, ಕಿಟಕಿ ಬಾಗಿಲು ತೆರೆದಿರಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಗಾಳಿ ಪ್ರಾಣಕ್ಕೇ ಅಪಾಯ, ವಾಸನೆಯೂ ತಿಳಿಯುವುದಿಲ್ಲ. ನೈಲಾನು, ಪಾಲಿಸ್ಟರು ಕೆಂಡದ ಹತ್ತಿರವೂ ಬೇಡ.

ಒಣಗಿತೋ ಇಲ್ಲವೋ ಅಂತ ಕೈಯಲ್ಲಿ ಮುಟ್ಟಿದರೆ ತಿಳಿಯುವುದಿಲ್ಲ. ಕಾಲರ್, ಸೊಂಟಪಟ್ಟಿ, ಕಂಕುಳ ಹೊಲಿಗೆ, ಇವನ್ನು ಕೆನ್ನೆಗೆ ಹಿಡಿದು ನೋಡಿ. ತಣ್ಣಗೆ ತಾಗಿದರೆ ತೇವ ಇದೆ. ಅಷ್ಟು ಜಾಗಕ್ಕೆ ಇಸ್ತ್ರಿ ಆಡಿಸಿ, ತಕ್ಷಣ ಮಡಚದೆ ಸ್ವಲ್ಪ ಹೊತ್ತು ಕುರ್ಚಿಯ ಮೇಲೆ ಬಿಡಿ.

ಕಲೆಗಳದ್ದು ಬೇರೆಯೇ ಕಥೆ. ಪೇಟೆಯವರಿಗೆ ಚಹಾ, ಶಾಯಿ. ನಮಗೆ ಉಂಬಳ, ಅಂದರೆ ಕಾಡು ಜಿಗಣೆ. ಅದು ಕಚ್ಚಿ ಬಿಟ್ಟ ಮೇಲೂ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಕಾಲುಚೀಲ, ಪ್ಯಾಂಟಿನ ಅಂಚು ಎಲ್ಲ ಕೆಂಪು. ಅದಕ್ಕೆ ಹಂಡೆಯ ಬಿಸಿನೀರು ಹಾಕಲೇಬೇಡಿ, ಬಿಸಿಗೆ ರಕ್ತ ಎಳೆಯಲ್ಲಿ ಬೆಂದು ಕೂತುಬಿಡುತ್ತದೆ. ತಣ್ಣೀರಿಗೆ ಒಂದು ಹಿಡಿ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಸೋಪು ತಿಕ್ಕಿ. ಕೆಮ್ಮಣ್ಣಿನ ಕೆಸರನ್ನು ಹಸಿಯಿರುವಾಗ ಉಜ್ಜಿದರೆ ಒಳಗೆ ಇಳಿಯುತ್ತದೆ. ಒಣಗಲು ಬಿಡಿ, ಬ್ರಷ್ಷಿನಿಂದ ಕೊಡವಿ, ಬರೀ ನೀರಿನಲ್ಲಿ ಜಾಲಿಸಿ, ಕೊನೆಗೆ ಸೋಪು. ಬ್ಲೀಚಿಂಗ್ ಪುಡಿ ಕೆಮ್ಮಣ್ಣಿಗೆ ಏನೂ ಮಾಡುವುದಿಲ್ಲ, ಬಟ್ಟೆ ಹಾಳಾಗುತ್ತದೆ ಅಷ್ಟೇ. ಹಲಸಿನ ಮೇಣಕ್ಕೆ ನೀರು ತಾಗಿಸದೆ ಕೊಬ್ಬರಿ ಎಣ್ಣೆ ಹಚ್ಚಿ, ಮೆತ್ತಗಾದ ಮೇಲೆ ಚಮಚದ ಹಿಂಬದಿಯಿಂದ ಕೆರೆದು, ಆಮೇಲೆ ಸೋಪಿನಲ್ಲಿ ಎಣ್ಣೆ ತೆಗೆಯಿರಿ. ಸಾರಿನ ಅರಿಶಿನ ಸೋಪು ತಾಗಿದ ಕೂಡಲೇ ಕೆಂಪಾಗುತ್ತದೆ. ಗಾಬರಿ ಬೇಡ, ಜಾಲಿಸಿ ಬೆಳಕಿಗೆ ಹಾಕಿ. ಬೆಳಕು ಕಂಡಷ್ಟೂ ಅದು ತಾನಾಗಿ ಮಾಸುತ್ತದೆ.

ಅಡಿಕೆ ಚೊಗರು, ಅಂದರೆ ಅಡಿಕೆಯ ಒಗರು ರಸದ ಕಲೆ, ಹೋಗುವುದಿಲ್ಲ. ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸುಲಿಯಲು ಕೂರುವವರಿಗೆ ಒಂದು ಜೊತೆ ಹಳೇ ಬಟ್ಟೆ ಅಂತಲೇ ಇಡಿ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆದು ಬಂದವರ ಬಟ್ಟೆಯ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಸೇರಿಸಿದ ದ್ರಾವಣ ಅದು. ಆ ಬಟ್ಟೆ ಮಷಿನ್‌ಗೂ ಬೇಡ, ಮಕ್ಕಳ ಬಟ್ಟೆಯ ಬಕೆಟ್ಟಿಗೂ ಬೇಡ. ಹೊರಗಿನ ಕಲ್ಲಿನ ಮೇಲೆ ಬೇರೆಯೇ ಒಗೆಯಿರಿ. ನೀಲಿ ಕಲೆ ಉಳಿದರೆ ವಿನೆಗರ್ ಅಥವಾ ನಿಂಬೆರಸ ಹಾಕಿದ ನೀರಿಗೆ ಬಿಟ್ಟುಕೊಳ್ಳುತ್ತದೆ. ಆದರೆ ಬ್ಲೀಚಿಂಗ್ ಪುಡಿ ಹಾಕಿದ ಬಕೆಟ್ಟಿಗೆ ಯಾವ ಹುಳಿಯನ್ನೂ ಸೇರಿಸಬಾರದು. ಎದ್ದು ಬರುವ ಗಾಳಿ ವಿಷ.

ಬೂಷ್ಟು ಹಿಡಿದ ಬಟ್ಟೆಯನ್ನು ಮನೆಯೊಳಗೆ ಕೊಡವಬೇಡಿ, ಪಕ್ಕದ ಬಟ್ಟೆಗೂ ಹತ್ತುತ್ತದೆ. ಮಳೆ ಬಿಟ್ಟು ಹೊಳವಾದ ದಿನ ಹೊರಗೆ ಒಯ್ದು ಒಣ ಬ್ರಷ್ಷಿನಿಂದ ತಿಕ್ಕಿ, ವಿನೆಗರ್ ನೀರಿನಲ್ಲಿ ನೆನೆಸಿ ಒಗೆಯಿರಿ. ಕರಿ ಚುಕ್ಕೆ ಹಳೆಯದಾದರೆ ಅದು ಒರೆಸುವ ಬಟ್ಟೆಯೇ ಸರಿ. ಬೀರುವಿನಲ್ಲಿ ಬಟ್ಟೆಯನ್ನು ಗೋಡೆ ಕಡೆಗೆ ಒತ್ತಿ ಇಡಬೇಡಿ. ರೇಷ್ಮೆ ಸೀರೆ ನಡುವೆ ಲಾವಂಚದ ಬೇರು ಇಡಿ, ಎಷ್ಟೋ ವರ್ಷ ಪರಿಮಳ ಇರುತ್ತದೆ. ನುಸಿ ಗುಳಿಗೆ ದೊಡ್ಡವರ ಬಟ್ಟೆಗೆ ಪರವಾಗಿಲ್ಲ. ಎಳೆ ಕೂಸಿನ ಬಟ್ಟೆ, ಹಾಸಿಗೆ ಇರುವಲ್ಲಿ ಅದನ್ನು ಇಡಲೇಬಾರದು, ಕೆಲವು ಕೂಸುಗಳ ರಕ್ತಕ್ಕೇ ಅದು ಕೆಡುಕು.

ರಗ್ಗು, ಕಂಬಳಿ, ಜಮಖಾನ, ದಿಂಬಿನ ಹತ್ತಿ, ಇವಕ್ಕೆಲ್ಲ ಏಪ್ರಿಲ್ ಬಿಸಿಲೇ ಬೇಕು. ರಗ್ಗನ್ನು ಆಗಲೇ ಒಗೆದು, ಎರಡು ದಿನ ಮಗುಚಿ ಹಾಕಿ ಒಣಗಿಸಿ, ಬಿಸಿ ಪೂರ್ತಿ ಆರಿದ ಮೇಲೆ ಹಳೇ ಹತ್ತಿ ಸೀರೆಯಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಏರಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಒಳಗೇ ಬೆವರುತ್ತದೆ. ಉಣ್ಣೆ ಕಂಬಳಿಯನ್ನು ಮಷಿನ್‌ಗೆ ಹಾಕಬೇಡಿ, ಕುಗ್ಗಿ ಬಿರುಸಾಗುತ್ತದೆ. ತೀರಾ ಕೊಳೆಯಾಗಿದ್ದರೆ ಅಂಟುವಾಳ ನೆನೆಸಿದ ನೀರಿನಲ್ಲಿ ಅದ್ದಿ ತುಳಿದು, ತಣ್ಣೀರಿನಲ್ಲಿ ಜಾಲಿಸಿ, ಹಿಂಡದೆ ಬೇಲಿಯ ಮೇಲೆ ಹಾಕಿ. ಇಲ್ಲದಿದ್ದರೆ ಕೋಲಿನಿಂದ ಬಡಿದು ಬಿಸಿಲಿಗೆ ಹಾಕಿದರೆ ಸಾಕು, ಮುಂದಿನ ಮೃಗಶಿರದವರೆಗೆ ನಡೆಯುತ್ತದೆ.