ತೋಟದ ಹಳೆಯ ಪಿಕಪ್ಪಿಗೆ ಹಿಂದಿನ ಆಕ್ಸಲ್ ಆರಿಸಿದ ನನ್ನ ಅನುಭವ

ಮೂಡಿಗೆರೆ ಸಮೀಪದ ನಮ್ಮ ತೋಟದಲ್ಲಿ ಕಾಫಿ ಹಣ್ಣನ್ನು ಕಣಕ್ಕೆ ಸಾಗಿಸುವುದು ನನ್ನ ತಂದೆಯವರ ಕಾಲದ ಜೀಪ್ ಚಾಸಿಯ ಮೇಲೆ ಮರದ ಬಾಡಿ ಕಟ್ಟಿಸಿದ ಪಿಕಪ್ಪು. ಎರಡು ವರ್ಷದ ಹಿಂದೆ, ರೊಬಸ್ಟಾ ಕೊಯ್ಲಿನ ಜನವರಿಯಲ್ಲಿ, ಇಪ್ಪತ್ತು ಮೂಟೆ ಹಣ್ಣು ಹೇರಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದಾಗ ಅದರ ಹಿಂದಿನ ಎಡ ಚಕ್ರ ಬ್ರೇಕ್ ಡ್ರಮ್ಮಿನ ಸಮೇತ ಕಳಚಿ ಗಿಡಗಳ ನಡುವೆ ಉರುಳಿಹೋಯಿತು. ಡ್ರಮ್ಮಿಲ್ಲದ ಮೇಲೆ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಬಂದು ಬ್ರೇಕ್ ಆಯಿಲ್ ಚೆಲ್ಲಿತು, ಪೆಡಲ್ ತಳ ಮುಟ್ಟಿತು. ಗಾಡಿ ದಾರಿಬದಿಯ ಧರೆಗೆ ಒರಗಿ ನಿಂತದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ.

ಬಿಚ್ಚಿ ನೋಡಿದಾಗ ಕಾರಣ ಸ್ಪಷ್ಟವಾಗಿತ್ತು. ಆ ಆಕ್ಸಲ್ ಶಾಫ್ಟಿನ ತುದಿ ಟೇಪರ್ ಆಗಿದ್ದು (ಅಂದರೆ ತುದಿಗೆ ಹೋದಂತೆ ಸಣ್ಣದಾಗುತ್ತ), ಚಕ್ರವನ್ನು ಹಿಡಿಯುವ ಹಬ್ ಅದರ ಮೇಲೆ ಒಂದು ಕೀಲಿ ಮತ್ತು ಒಂದು ದೊಡ್ಡ ನಟ್ಟಿನ ಬಲದಲ್ಲಿ ನಿಂತಿರುತ್ತದೆ. ನಟ್ಟು ಸ್ವಲ್ಪ ಸಡಿಲವಾದರೂ ಹಬ್ ಅಲುಗಾಡಿ, ಕೀಲಿ ಕೂರುವ ತೋಡಿನಿಂದ ಬಿರುಕು ಹುಟ್ಟಿ ಕೊನೆಗೆ ಶಾಫ್ಟ್ ಮುರಿಯುತ್ತದೆ. ಆ ನಟ್ಟನ್ನು ಆಗಾಗ ಬಿಗಿ ಮಾಡಿಸಬೇಕಿತ್ತು, ನಾನು ಮಾಡಿಸಿರಲಿಲ್ಲ.

ಹೊಸ ಶಾಫ್ಟ್ ಹಾಕಿ ಮುಗಿಸಬಹುದಿತ್ತು. ಆದರೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ: ಶಾಫ್ಟ್ ಮುರಿದರೆ ಚಕ್ರ ಏಕೆ ಹೋಗಬೇಕು? ನಮ್ಮ ಹಳೆಯದರಂಥ ಸೆಮಿ ಫ್ಲೋಟಿಂಗ್ ಆಕ್ಸಲ್‌ನಲ್ಲಿ ಶಾಫ್ಟಿಗೆ ಎರಡು ಕೆಲಸ. ಚಕ್ರವನ್ನು ತಿರುಗಿಸುವುದೂ ಅದೇ, ಹೊರೆಯನ್ನು ಹೊರುವುದೂ ಅದೇ. ಫುಲ್ ಫ್ಲೋಟಿಂಗ್ ಆಕ್ಸಲ್‌ನಲ್ಲಿ ಹಬ್ ಎರಡು ಟೇಪರ್ ರೋಲರ್ ಬೇರಿಂಗುಗಳ ಮೇಲೆ ಹೌಸಿಂಗಿನ (ಆಕ್ಸಲ್ಲಿನ ಹೊರಕವಚದ) ಕೊಳವೆಯ ತುದಿಯಲ್ಲೇ ಕುಳಿತಿರುವುದರಿಂದ ಹೊರೆಯೆಲ್ಲ ಕೊಳವೆಗೆ ಹೋಗುತ್ತದೆ. ಶಾಫ್ಟಿಗೆ ತಿರುಗಿಸುವ ಕೆಲಸವಷ್ಟೇ ಉಳಿಯುತ್ತದೆ. ಅದು ತುಂಡಾದರೂ ಚಕ್ರ ಸ್ವಸ್ಥಾನದಲ್ಲಿರುತ್ತದೆ, ಬ್ರೇಕ್ ಹಿಡಿಯುತ್ತದೆ. ಹಬ್ಬಿನ ಮುಖದಲ್ಲಿರುವ ಬೋಲ್ಟುಗಳನ್ನು ಬಿಚ್ಚಿ, ಜ್ಯಾಕ್ ಹಾಕದೆಯೇ ಶಾಫ್ಟನ್ನು ಹೊರಗೆಳೆಯಬಹುದು. ಲಾರಿಗಳಲ್ಲಿ ಇರುವುದು ಇದೇ. ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿ ಜೀಪಿನ ಹಿಂದಿನ ಆಕ್ಸಲ್ ಕೂಡ ಫುಲ್ ಫ್ಲೋಟಿಂಗ್ ಆಗಿತ್ತು. ಅನಂತರದ ನಾಗರಿಕ ಜೀಪುಗಳಲ್ಲಿ ಸೆಮಿ ಫ್ಲೋಟಿಂಗ್ ಬಂದಿತು.

ಪರಿಚಿತರಲ್ಲಿ ಹಲವರು ಆಕ್ಸಲ್ಲಿನೊಳಗಿನ ದೊಡ್ಡ ಹಲ್ಲುಚಕ್ರವಾದ ಕ್ರೌನಿನ ಅಗಲವನ್ನೇ ಮೊದಲು ನೋಡುವಂತೆ ಸಲಹೆ ನೀಡಿದರು. ಅಮೆರಿಕದಲ್ಲಿ ಹಳೆಯ ಟ್ರಕ್ ಕಟ್ಟುವವರು 9.75 ಇಂಚಿನ ಕ್ರೌನ್ ಇರುವ ಡಾನಾ 60 ಮಾದರಿಯನ್ನು ಬಯಸುತ್ತಾರೆ. ಅವರ ದೊಡ್ಡ ಪೆಟ್ರೋಲ್ ಎಂಜಿನ್‌ಗಳಿಗೆ ಅದು ಅಗತ್ಯ. ನನ್ನ ಡೀಸೆಲ್ ಎಂಜಿನ್ ಕೊಡುವುದು ಸುಮಾರು 120 ನ್ಯೂಟನ್ ಮೀಟರ್. ಮೊದಲ ಗೇರಿನ ಸುಮಾರು 4, ಲೋ ಗೇರಿನ 2.46, ಆಕ್ಸಲ್ಲಿನ 5.375 ಎಂದು ಗುಣಿಸುತ್ತಾ ಹೋದರೆ ಹಿಂದಿನ ಚಕ್ರಗಳಿಗೆ 6,300 ನ್ಯೂಟನ್ ಮೀಟರಿಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಹಿಂದಿನ ಆಕ್ಸಲ್ ಮೇಲೆ 2 ಟನ್ ಭಾರವಿದ್ದರೂ ಒಣ ನೆಲದಲ್ಲಿ ಸುಮಾರು 6,000ದ ಹತ್ತಿರ ಟೈರು ಜಾರಲು ತೊಡಗುತ್ತದೆ. ಅದಕ್ಕಿಂತ ಹೆಚ್ಚು ಬಲ ಆಕ್ಸಲ್ಲಿಗೆ ಬೀಳುವುದಿಲ್ಲ, ಹಾಗಾಗಿ ಸಾಧಾರಣ ಲಘು ಲಾರಿಯ ಆಕ್ಸಲ್ ನನಗೆ ಧಾರಾಳವಾಗಿ ಸಾಕು. ಅದಕ್ಕಿಂತ ದೊಡ್ಡದು ತಂದರೆ ಹಲ್ಲುಚಕ್ರಗಳಿರುವ ಡಿಫರೆನ್ಷಿಯಲ್ಲಿನ ಉಂಡೆ ಮಳೆಗಾಲದ ಗಾಲಿಜಾಡಿನ ನಡುವಿನ ದಿಣ್ಣೆಗೆ ತಾಗುತ್ತದೆ.

ನಿಜವಾಗಿ ಕಷ್ಟ ಕೊಟ್ಟದ್ದು ಹಲ್ಲಿನ ಲೆಕ್ಕ, ಅಂದರೆ ಕ್ರೌನಿನ ಹಲ್ಲುಗಳಿಗೂ ಅದನ್ನು ತಿರುಗಿಸುವ ಚಿಕ್ಕ ಚಕ್ರವಾದ ಪಿನಿಯನ್ನಿನ ಹಲ್ಲುಗಳಿಗೂ ಇರುವ ಅನುಪಾತ. ನಮ್ಮದು ನಾಲ್ಕೂ ಚಕ್ರ ಎಳೆಯುವ ಗಾಡಿಯಾದ್ದರಿಂದ ಮುಂದಿನ ಮತ್ತು ಹಿಂದಿನ ಅನುಪಾತ ಒಂದೇ ಇರಬೇಕು. ಇಲ್ಲದಿದ್ದರೆ ಗಟ್ಟಿ ನೆಲದಲ್ಲಿ ಒಂದನ್ನೊಂದು ಜಗ್ಗಿ, ಎಂಜಿನ್ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸನ್ನು ಹಾಳು ಮಾಡುತ್ತವೆ. ಹಾಸನದ ಗುಜರಿ ಅಂಗಡಿಯೊಂದರಲ್ಲಿ ಮೊದಲು ಕಂಡ ಆಕ್ಸಲ್ ನೋಡಲು ಸೊಗಸಾಗಿತ್ತು, ಆದರೆ ಮುಚ್ಚಳ ತೆಗೆಸಿ ಎಣಿಸಿದಾಗ 41ಕ್ಕೆ 7 ಬಂದದ್ದರಿಂದ ಬಿಟ್ಟುಬಂದೆ. ಮೂರನೆಯ ಸಲ ಹೋದಾಗ ಹಿಂದೆ ಬದಿಗೊಂದೇ ಚಕ್ರವಿರುವ ಲಘು ವಾಹನವೊಂದರ ಫುಲ್ ಫ್ಲೋಟಿಂಗ್ ಆಕ್ಸಲ್ ಸಿಕ್ಕಿತು. ಅದರಲ್ಲಿ 39ಕ್ಕೆ 8. ನಮ್ಮ ಮುಂದಿನ ಆಕ್ಸಲ್ಲಿನಲ್ಲಿ ಇದ್ದದ್ದು 43ಕ್ಕೆ 8. ಆದರೆ 39ಕ್ಕೆ 8 ಎಂಬುದು ವಿಲ್ಲೀಸ್ ಎಂಬಿಯದೇ ಅನುಪಾತ, ಅದರ ಮುಂದಿನ ಕ್ರೌನ್ ಪಿನಿಯನ್ ನಮ್ಮ ಹೌಸಿಂಗಿಗೆ ಕೂರುತ್ತದೆ. ಅದನ್ನು ಹುಡುಕಲು ಮತ್ತೆರಡು ತಿಂಗಳು ಹಿಡಿಯಿತು. ಏರಿನಲ್ಲಿ ಎಳೆಯುವ ಶಕ್ತಿ ನೂರಕ್ಕೆ ಒಂಬತ್ತರಷ್ಟು ಕಡಿಮೆಯಾಯಿತು. ಲೋ ಗೇರ್ ಇರುವುದರಿಂದ ಅದನ್ನು ಒಪ್ಪಿಕೊಂಡೆ.

ಇನ್ನೊಂದು ಸಂಗತಿಯನ್ನು ನನಗೆ ತೋರಿಸಿದವರು ಚಿಕ್ಕಮಗಳೂರಿನ ಹಿರಿಯ ಮೇಸ್ತ್ರಿ. ಹಳೆಯ ಜೀಪಿನ ಟ್ರಾನ್ಸ್‌ಫರ್ ಕೇಸಿನಿಂದ ಹಿಂದಕ್ಕೆ ಹೋಗುವ ಶಾಫ್ಟ್ ಬಲಬದಿಗೆ ಇರುತ್ತದೆ, ಲಾರಿ ಆಕ್ಸಲ್ಲಿನ ಉಂಡೆ ಬಹುಮಟ್ಟಿಗೆ ನಡುವೆ ಇರುತ್ತದೆ. "ನೀವು ಮೇಲೆ ಕೆಳಗೆ ಮಾತ್ರ ನೋಡ್ತಿದೀರಿ ಸಾರ್, ಪಕ್ಕಕ್ಕೂ ನೋಡಿ," ಎಂದು ಅವರು ದಾರ ಹಿಡಿದು ತೋರಿಸಿದರು. ನಮ್ಮ ಚಾಸಿ ಉದ್ದವಿದ್ದುದರಿಂದ ಪ್ರೊಪೆಲ್ಲರ್ ಶಾಫ್ಟಿನ ಓರೆ ಸಹನೀಯ ಮಿತಿಯಲ್ಲಿ ಉಳಿಯಿತು. ಗಿಡ್ಡ ಚಾಸಿಯಾಗಿದ್ದರೆ ಈ ಆಕ್ಸಲ್ಲನ್ನು ಕೊಳ್ಳುತ್ತಲೇ ಇರಲಿಲ್ಲ.

ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಕೂರುವ ಆಸನಗಳನ್ನು ಕೊಳವೆಗೆ ಹೊಸದಾಗಿ ಬೆಸುಗೆ ಹಾಕುವಾಗ ಅವರು ಒಂದೇ ಸಮನೆ ಹಾಕದೆ, ಒಂದೊಂದು ಇಂಚು ಹಾಕಿ ತಣಿಯಲು ಬಿಟ್ಟರು, ಏಕೆಂದರೆ ಬಿಸಿಗೆ ಕೊಳವೆ ಬಾಗಿದರೆ ಬೇರಿಂಗ್ ಉಳಿಯುವುದಿಲ್ಲ. ಹಿಂದೆ ಆರು ಸ್ಟಡ್, ಮುಂದೆ ಐದು. ಆದ್ದರಿಂದ ಎರಡು ಸ್ಟೆಪ್ನಿ ಇಡುತ್ತೇನೆ. ಡ್ರಮ್ ದೊಡ್ಡದಾದ್ದರಿಂದ ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರ ಬೇಗ ಕಚ್ಚಿ ನಿಲ್ಲುತ್ತಿತ್ತು, ಸಣ್ಣ ವೀಲ್ ಸಿಲಿಂಡರ್ ಹಾಕಿಸಿದ ಮೇಲೆ ಸರಿಹೋಯಿತು. ಹ್ಯಾಂಡ್ ಬ್ರೇಕ್ ಟ್ರಾನ್ಸ್‌ಫರ್ ಕೇಸಿನ ಹಿಂದೆಯೇ ಇರುವುದರಿಂದ ಅದಕ್ಕೆ ಕೈ ಹಚ್ಚಬೇಕಾಗಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಮಾರ್ಪಾಡುಗಳಿಗೆ ಅಡ್ಡಿ ಮಾಡುವುದರಿಂದ ಈ ಗಾಡಿಯನ್ನು ನಾನು ತೋಟದ ಗೇಟಿನಿಂದ ಹೊರಗೆ ಒಯ್ಯುವುದಿಲ್ಲ.

ಕಳೆದ ಜನವರಿಯಲ್ಲಿ ಅದೇ ಇಳಿಜಾರಿನಲ್ಲಿ ಅದೇ ಇಪ್ಪತ್ತು ಮೂಟೆಯೊಂದಿಗೆ ಇಳಿದು, ಕಣದಲ್ಲಿ ನಿಲ್ಲಿಸಿ ಎರಡೂ ಹಬ್ಬಿನ ಮೇಲೆ ಅಂಗೈ ಇಟ್ಟು ನೋಡಿದೆ. ಬಲಗಡೆಯದು ಎಡಗಡೆಯದಕ್ಕಿಂತ ಬೆಚ್ಚಗಿತ್ತು. ಮಾರನೆಯ ದಿನ ಬೇರಿಂಗ್ ನಟ್ಟನ್ನು ಎಂಟನೇ ಒಂದು ಸುತ್ತು ಹಿಂದಕ್ಕೆ ಬಿಟ್ಟು ಮತ್ತೆ ಲಾಕ್ ಮಾಡಿದ ಮೇಲೆ ಎರಡೂ ಸಮವಾದವು.