ಪಂದ್ಯದ ಹಾಯಿದೋಣಿಯ ಹಳೆಯ ಚಿತ್ರ ನೋಡಿ ಅದರ ಕಾಲವನ್ನು ಗುರುತಿಸುವ ಬಗೆ

ಹಾಯಿದೋಣಿ ಪಂದ್ಯದ ಹಳೆಯ ಚಿತ್ರವೊಂದು ಕೈಗೆ ಬಂದು, ಅದರ ಕೆಳಗೆ ಹೆಸರಾಗಲಿ ಇಸವಿಯಾಗಲಿ ಇಲ್ಲದಿದ್ದಾಗಲೂ, ದೋಣಿಯ ಆಕಾರದಿಂದಲೇ ಅದು 20ನೆಯ ಶತಮಾನದ ಯಾವ ಘಟ್ಟಕ್ಕೆ ಸೇರಿದ್ದೆಂದು ಹೇಳಲು ಸಾಧ್ಯ. ಬೇರೆ ಬೇರೆ ದೋಣಿಗಳು ಸರಿಸಮನಾಗಿ ಸ್ಪರ್ಧಿಸಲೆಂದು ಆಯಾ ಕಾಲದ ನಿಯಮಗಳು ಕೆಲವು ಅಳತೆಗಳನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದವು. ವಿನ್ಯಾಸಕಾರರು ಲೆಕ್ಕಕ್ಕೆ ಸಿಗದ ಕಡೆಗೆ ದೋಣಿಯನ್ನು ಬೆಳೆಸುತ್ತಿದ್ದರು. ಆದ್ದರಿಂದ ಚಿತ್ರದ ಮುಂದೆ ಕುಳಿತಾಗ ಮೊದಲು ಕೇಳಿಕೊಳ್ಳಬೇಕಾದದ್ದು, ಇಲ್ಲಿ ಯಾವುದನ್ನು ಅಳೆಯದೆ ಬಿಟ್ಟಿದ್ದರು ಎಂಬುದನ್ನು.

ದೋಣಿಯ ಎರಡೂ ತುದಿಗಳಿಂದ ಆರಂಭಿಸಿ. ಮೂತಿಯೂ ಹಿಂಬದಿಯೂ ನೀರನ್ನು ಮುಟ್ಟದೆ ಬಹಳ ದೂರ ಚಾಚಿಕೊಂಡಿದ್ದರೆ ಅದು ಶತಮಾನದ ಆರಂಭದ ದೋಣಿಯಾಗಿರುವ ಸಂಭವ ಹೆಚ್ಚು. ಹಾಯಿದೋಣಿಗಳ ಪ್ರಸಿದ್ಧ ಅಂತರರಾಷ್ಟ್ರೀಯ ಪಂದ್ಯವಾದ ಅಮೆರಿಕಾ ಕಪ್‌ಗಾಗಿ 1903ರಲ್ಲಿ ಅಮೆರಿಕದ ವಿನ್ಯಾಸಕಾರ ನಥೇನಿಯಲ್ ಹೆರೆಶಾಫ್ ಕಟ್ಟಿದ 'ರಿಲಯನ್ಸ್' ಇದರ ಪರಮಾವಧಿ. ಆಗಿನ ನಿಯಮ ಮುಖ್ಯವಾಗಿ ನೀರಿನ ಮಟ್ಟದಲ್ಲಿನ ಉದ್ದವನ್ನೂ ಹಾಯಿಯ ವಿಸ್ತೀರ್ಣವನ್ನೂ ಅಳೆಯುತ್ತಿತ್ತು. ನೆಟ್ಟಗೆ ನಿಂತಾಗ ರಿಲಯನ್ಸ್ ನೀರನ್ನು ಮುಟ್ಟುತ್ತಿದ್ದದ್ದು ಸುಮಾರು 27 ಮೀಟರ್ ಮಾತ್ರ, ಒಡಲಿನ ಪೂರ್ತಿ ಉದ್ದವಾದರೋ ಸುಮಾರು 44 ಮೀಟರ್. ಗಾಳಿಗೆ ದೋಣಿ ವಾಲಿದೊಡನೆ ಆ ಚಾಚಿದ ತುದಿಗಳು ನೀರಿಗಿಳಿದು, ಅಳತೆಗೆ ಸಿಗದಿದ್ದ ಉದ್ದವೆಲ್ಲ ವೇಗವಾಗಿ ಒದಗುತ್ತಿತ್ತು, ಏಕೆಂದರೆ ಇಂತಹ ಭಾರದ ದೋಣಿಯ ವೇಗದ ಮಿತಿ ನೀರಿನಲ್ಲಿರುವ ಉದ್ದದೊಂದಿಗೆ ಏರುತ್ತದೆ. ಸುಮಾರು 1500 ಚದರ ಮೀಟರ್ ಹಾಯಿ ಹೊತ್ತ ಈ ಅದ್ಭುತ ದೋಣಿ ಸುಮಾರು ಹತ್ತೇ ವರ್ಷಗಳಲ್ಲಿ ಗುಜರಿಗೆ ಹೋಯಿತೆಂಬುದು ನನಗೆ ಇಂದಿಗೂ ನೋವಿನ ಸಂಗತಿ. ದೋಣಿಯ ತೂಕವನ್ನೂ ಲೆಕ್ಕಕ್ಕೆ ತಂದು ಈ ಅತಿರೇಕಕ್ಕೆ ಕಡಿವಾಣ ಹಾಕಿದ 'ಯೂನಿವರ್ಸಲ್ ರೂಲ್' ಕೂಡ ಹೆರೆಶಾಫ್ ಅವರದೇ.

ಅನಂತರ ಹಾಯಿಯನ್ನು ನೋಡಿ. ಮುಖ್ಯ ಹಾಯಿಗೆ ನಾಲ್ಕು ಮೂಲೆಗಳಿದ್ದು, ಮೇಲಂಚನ್ನು ಓರೆಯಾದ ಮರವೊಂದು ಹಿಡಿದಿದ್ದರೆ ಅದು ಗ್ಯಾಫ್ ಹಾಯಿ. ಎತ್ತರದ ಒಂದೇ ಕೂವೆಮರಕ್ಕೆ ತ್ರಿಕೋನ ಹಾಯಿ ಇದ್ದರೆ ಅದು ಬರ್ಮುಡಾ ಹಾಯಿ. ಅಮೆರಿಕಾ ಕಪ್‌ನಲ್ಲಿ 1920ರ ಸ್ಪರ್ಧಿಗಳು ಗ್ಯಾಫ್ ಹಾಯಿಯಲ್ಲೇ ಬಂದರು. 1930ರಲ್ಲಿ ಬಂದ, 'ಜೆ-ಕ್ಲಾಸ್' ಎಂಬ ವರ್ಗದ ಭಾರೀ ದೋಣಿಗಳು ಬರ್ಮುಡಾ ಹಾಯಿಯವು. 1937ರ 'ರೇಂಜರ್' ಆ ವರ್ಗದ ಕೊನೆಯ ವಿಜೇತ ದೋಣಿ.

ಯುದ್ಧಾನಂತರ, 1958ರಿಂದ, ಚಿಕ್ಕ ಗಾತ್ರದ '12 ಮೀಟರ್' ದೋಣಿಗಳು ಆ ಸ್ಥಾನಕ್ಕೆ ಬಂದವು. ಇಲ್ಲಿ ಅನೇಕರು ಎಡವುತ್ತಾರೆ: 12 ಎಂಬುದು ದೋಣಿಯ ಉದ್ದವಲ್ಲ, ಹಲವು ಅಳತೆಗಳನ್ನು ಸೂತ್ರಕ್ಕೆ ಹಾಕಿದಾಗ ಬರುವ ಫಲ. ಆ ದೋಣಿಗಳು ಸುಮಾರು 20 ಮೀಟರ್ ಉದ್ದವಿರುತ್ತಿದ್ದವು.

ದೋಣಿಯನ್ನು ದಡಕ್ಕೆತ್ತಿದ ಚಿತ್ರ ಸಿಕ್ಕರೆ ಅದೃಷ್ಟವೆನ್ನಬೇಕು, ಏಕೆಂದರೆ ದೊಡ್ಡ ಬದಲಾವಣೆಗಳು ನೀರಿನ ಕೆಳಗೇ ಆದವು. ಚುಕ್ಕಾಣಿಯು ಕೀಲ್‌ನ, ಅಂದರೆ ಒಡಲಿನ ಅಡಿಯಲ್ಲಿ ಭಾರ ಹೊತ್ತು ಕೆಳಕ್ಕೆ ಚಾಚಿರುವ ಭಾಗದ, ಹಿಂದಿನ ಅಂಚಿಗೆ ಅಂಟಿಕೊಂಡಿದೆಯೇ, ಅಥವಾ ದೂರ ಸರಿದು ಪ್ರತ್ಯೇಕವಾಗಿ ನಿಂತಿದೆಯೇ ಎಂದು ಗಮನಿಸಿ. ಓಲಿನ್ ಸ್ಟೀಫನ್ಸ್ 1967ರ 'ಇಂಟ್ರೆಪಿಡ್'ನಲ್ಲಿ ಎರಡನ್ನೂ ಬೇರ್ಪಡಿಸಿದ ಬಳಿಕ 12 ಮೀಟರ್ ವರ್ಗ ಹಳೆಯ ರೂಪಕ್ಕೆ ಮರಳಲಿಲ್ಲ. ಇನ್ನು ಕೀಲ್ ಬುಡದಲ್ಲಿ ಅಗಲವಾಗಿದ್ದು ಎರಡು ರೆಕ್ಕೆಗಳನ್ನು ಚಾಚಿದ್ದರೆ ಅದರ ಮೂಲ ಬೆನ್ ಲೆಕ್ಸೆನ್ ಅವರ 'ಆಸ್ಟ್ರೇಲಿಯಾ 2'. ರೆಕ್ಕೆಗಳು ಸೀಸದ ಭಾರವನ್ನು ಕೆಳಕ್ಕೆ ಒಯ್ಯುತ್ತಿದ್ದವು. ದೋಣಿ ವಾಲಿದಾಗ ಒಂದು ರೆಕ್ಕೆ ಇನ್ನೂ ಆಳಕ್ಕಿಳಿದು ಹಿಡಿತ ಕೊಡುತ್ತಿತ್ತು. ಪಂದ್ಯ ನಡೆದ ಅಮೆರಿಕದ ನ್ಯೂಪೋರ್ಟ್‌ನಲ್ಲಿ ದೋಣಿಯನ್ನು ಎತ್ತಿದಾಗಲೆಲ್ಲ ಕೀಲ್‌ಗೆ ಪರದೆ ಕಟ್ಟಿ ಮರೆಮಾಡುತ್ತಿದ್ದರು. 1983ರ ಸೆಪ್ಟೆಂಬರ್ 26ರಂದು, 3-1ರಿಂದ ಹಿಂದಿದ್ದ ಆ ತಂಡ 4-3ರಿಂದ ಗೆದ್ದು, ಅಮೆರಿಕನ್ನರ 132 ವರ್ಷಗಳ ಹಿಡಿತವನ್ನು ಕೊನೆಗೊಳಿಸಿತು. ಜಯದ ನಂತರ ಪರದೆ ತೆಗೆದಾಗಷ್ಟೇ ಜನ ಆ ಕೀಲ್ ಅನ್ನು ಕಣ್ಣಾರೆ ಕಂಡರು.

ನಡುಗಡಲಿನ ಪಂದ್ಯದ ದೋಣಿ ನಡುವೆ ಉಬ್ಬಿ, ಹಿಂಬದಿಯಲ್ಲಿ ಚಿವುಟಿದಂತೆ ಕಿರಿದಾಗಿದ್ದರೆ 1970ರ ದಶಕವನ್ನು ಊಹಿಸಿ. ಆಗಿನ ನಡುಗಡಲ ಪಂದ್ಯಗಳ ಅಳತೆಯ ನಿಯಮವಾದ ಐಒಆರ್ ನಿರ್ದಿಷ್ಟ ಸ್ಥಳಗಳಲ್ಲಿ ಒಡಲಿನ ಸುತ್ತಳತೆ ತೆಗೆಯುತ್ತಿದ್ದದ್ದರ ಗುರುತು ಅದು. ಬ್ರಿಟನ್ನಿನಿಂದ ಹೊರಡುವ ನಡುಗಡಲ ಪಂದ್ಯವಾದ ಫಾಸ್ಟ್‌ನೆಟ್‌ನಲ್ಲಿ 1979ರಲ್ಲಿ ಬಿರುಗಾಳಿಗೆ ಸಿಕ್ಕು 15 ಸ್ಪರ್ಧಿಗಳು ಪ್ರಾಣ ಕಳೆದುಕೊಂಡ ಮೇಲೆ ಮಗುಚಿದ ದೋಣಿ ತಾನಾಗಿ ಎದ್ದು ನಿಲ್ಲಬಲ್ಲದೇ ಎಂಬ ಪ್ರಶ್ನೆ ವಿನ್ಯಾಸಕಾರರ ಮುಂದೆ ಗಂಭೀರವಾಗಿ ಬಂದಿತು. ನೆಟ್ಟನೆಯ ಮೂತಿ, ಅಗಲವಾದ ಹಿಂಬದಿ ಕಂಡರೆ ಶತಮಾನದ ಕೊನೆಗೆ ಬಂದಿದ್ದೀರಿ.

ಕೊನೆಯಲ್ಲಿ ಹಾಯಿಯ ಮೇಲಿನ ಅಕ್ಷರಗಳೊಂದಿಗೆ ನಿಮ್ಮ ಊಹೆಯನ್ನು ತಾಳೆ ನೋಡಿ. ಆಸ್ಟ್ರೇಲಿಯಾ 2ರ ಹಾಯಿಯಲ್ಲಿ 'ಕೆಎ 6' ಎಂದಿತ್ತು, ಕೆಎ ಎಂದರೆ ಆಸ್ಟ್ರೇಲಿಯಾ. ಬ್ರಿಟನ್ನಿನ ಜೆ-ಕ್ಲಾಸ್ ದೋಣಿ 'ಎಂಡೆವರ್'ನದು 'ಜೆಕೆ 4', ಇಲ್ಲಿ ಜೆ ವರ್ಗದ ಗುರುತು, ಕೆ ಬ್ರಿಟನ್ನಿನದು. ಆದರೆ 1934ರಲ್ಲಿ ಕಟ್ಟಿದ ಎಂಡೆವರ್ ಜೀರ್ಣೋದ್ಧಾರಗೊಂಡು 1989ರಲ್ಲಿ ಮತ್ತೆ ನೀರಿಗಿಳಿದದ್ದರಿಂದ, ಅದರ ಚಿತ್ರದಲ್ಲಿ ಒಡಲಿನಿಂದ ಕಟ್ಟಿದ ಕಾಲವನ್ನೂ, ಹಾಯಿಯ ಬಟ್ಟೆ, ಹಗ್ಗ, ಡೆಕ್ಕಿನ ಮೇಲಿರುವವರ ಉಡುಪುಗಳಿಂದ ಚಿತ್ರ ತೆಗೆದ ಕಾಲವನ್ನೂ ಬೇರೆ ಬೇರೆಯಾಗಿಯೇ ನಿರ್ಧರಿಸಬೇಕು.